ವರ್ನಾ ಮುಟ್ಟದ ಹೊಗೆಸೊಪ್ಪು

ಮಧ್ಯಾಹ್ನ ಹನ್ನೆರಡಕ್ಕೆ ವರ್ನಾ ಸೂಲಿಯೆ ಎಂಬವಳು ಕ್ಯಾಸಿನೊದ ಅರವತ್ತೆರಡು ಜೂಜಿನ ಯಂತ್ರಗಳ ಕರೆಂಟು ತೆಗೆಸಿದಳು. ಒಂದು ಯಂತ್ರದ ಒಳಗಿದ್ದ ಮೊಹರಿನ ನಂಬರು ಅವಳ ಪುಸ್ತಕದ ನಂಬರಿಗೆ ತಾಳೆಯಾಗಿರಲಿಲ್ಲ; ಯಾರೋ ಒಳಗೆ ಕೈಯಾಡಿಸಿರಬಹುದು. ಅದರ ಜೊತೆ ಒಂದೇ ಲಾರಿಯಲ್ಲಿ ಬಂದ ಉಳಿದವನ್ನೂ ನಂಬಲು ಅವಳು ತಯಾರಿರಲಿಲ್ಲ. ಕ್ಯಾಸಿನೊ ಅಮೆರಿಕದ ಒಜಿಬ್ವೆ ಬುಡಕಟ್ಟಿನದು; ತನ್ನ ಆ ಬುಡಕಟ್ಟಿನ ಪರವಾಗಿ ಜೂಜಿನ ತಪಾಸಣೆ ಅವಳ ಕೆಲಸ. ಕ್ಯಾಸಿನೊ ನಡೆಸುವವನು ಸ್ವಂತ ಸೋದರಮಾವ ಲೀರಾಯ್. ಆದರೂ ಅವಳು ಕ್ಯಾರೇ ಅನ್ನಲಿಲ್ಲ.

"ಮೂರು ದಿನ ರಜೆ ಕಣೇ. ವರ್ಷದಲ್ಲೇ ಜಾಸ್ತಿ ಜನ ಬರೋ ಹೊತ್ತು," ಎಂದು ಲೀರಾಯ್ ತಲೆಯ ಮೇಲೆ ಕೈಹೊತ್ತು ಕೂತ. "ನಮ್ಮ ಆಸ್ಪತ್ರೆ ನಡೆಯೋದೂ ಇದರಿಂದಲೇ."

"ಗೊತ್ತು ಮಾವ. ಎಲ್ಲಾ ಬಿಚ್ಚಿ ನೋಡಿ ಬಿಟ್ಟುಬಿಡ್ತೀನಿ. ಆದ್ರೆ ಬಿಚ್ಚೋವಾಗ ತಪಾಸಣೆಯವರು ಇಬ್ಬರು ಇರ್ಬೇಕು. ನನ್ನ ಜೊತೆ ಕೆಲಸ ಮಾಡೋ ಕ್ಲೈಡ್ ಕೆರೆಲಿದಾನೆ, ಸೋಮವಾರದವರೆಗೂ ಬರಲ್ಲ."

ಅದು ಕೆರೆಯಲ್ಲಿ ತಾನಾಗಿ ಬೆಳೆಯುವ ಕಾಡುಭತ್ತವನ್ನು ದೋಣಿಯೊಳಗೆ ಬಡಿದು ತುಂಬಿಕೊಳ್ಳುವ ಕಾಲ. ಊರಿಗೆ ಊರೇ ದೋಣಿ ಹತ್ತಿತ್ತು. ಆಗ ಕೆರೆಯಿಂದ ಯಾರನ್ನೂ ಎಬ್ಬಿಸಿ ತರುವ ಹಾಗಿರಲಿಲ್ಲ.

ಸುದ್ದಿ ರಾಜಧಾನಿಗೆ ಮುಟ್ಟಿತು. ಬುಡಕಟ್ಟು ಮತ್ತು ರಾಜ್ಯದ ನಡುವಿನ ಒಪ್ಪಂದದ ಪ್ರಕಾರ ಕ್ಯಾಸಿನೊದ ಗಳಿಕೆಯಲ್ಲಿ ಒಂದು ಪಾಲು ರಾಜ್ಯ ಸರ್ಕಾರಕ್ಕೆ. ಮೂರು ಗಂಟೆಗೆ ಕಂದಾಯ ಇಲಾಖೆಯ ಹೌಗನ್ ಕಾರಿನಿಂದ ಇಳಿದರು. ಹನ್ನೆರಡು ವರ್ಷದ ಹಿಂದೆ ಒಪ್ಪಂದದ ಮಾತುಕತೆಯಲ್ಲಿ, "ಈ ಜನ ತಮ್ಮ ಮೇಲೆ ತಾವೇ ಕಣ್ಣಿಡ್ತಾರೆ ಅಂದ್ರೆ ಹೇಗೆ ನಂಬೋದು?" ಎಂದು ಎಲ್ಲರೆದುರು ಕೇಳಿದವರು ಇವರೇ. ಆ ಮಾತು ವರ್ನಾಳಿಗೆ ಇನ್ನೂ ಚುಚ್ಚುತ್ತಿತ್ತು.

ಹೌಗನ್ ಮೇಜಿನ ಮೇಲೆ ಹೊಗೆಸೊಪ್ಪಿನ ಪೊಟ್ಟಣ ಇಟ್ಟರು. ದಾರಿಯ ಪೆಟ್ರೋಲ್ ಬಂಕಿನಲ್ಲಿ ಕೊಂಡದ್ದು, ಬೆಲೆಯ ಚೀಟಿ ಇನ್ನೂ ಅಂಟಿಕೊಂಡಿತ್ತು. "ನಿಮ್ಮಲ್ಲಿ ಏನಾದ್ರೂ ಕೇಳೋಕೆ ಬಂದ್ರೆ ಇದನ್ನ ಕೊಡ್ಬೇಕಂತೆ."

"ಹೌದು. ಏನು ಕೇಳೋಕೆ ಬಂದ್ರಿ?"

"ಸಂಜೆಗೆ ಯಂತ್ರ ಶುರು ಮಾಡಿಸಿ ಮೇಡಂ. ಒಂದು ನಂಬರ್ ತಾನೇ? ನಮಗೆ ಗೊತ್ತೇ ಇಲ್ಲ ಅಂತ ಇದ್ದುಬಿಡ್ತೀವಿ. ನಿಮ್ಮಿಂದ ಬರೋ ಪಾಲು ನಂಬ್ಕೊಂಡೇ ಹಳ್ಳಿ ಶಾಲೆಗಳ ಬಸ್ ಓಡಿಸ್ತಿರೋದು."

ವರ್ನಾ ಪೊಟ್ಟಣ ಮುಟ್ಟಲಿಲ್ಲ. ಹೌಗನ್ ಅದನ್ನು ಇನ್ನಷ್ಟು ಹತ್ತಿರ ತಳ್ಳಿದರು.

"ತಳ್ಳಬೇಡಿ ಸಾರ್," ಎಂದ ಲೀರಾಯ್. "ಅದನ್ನ ಕೈಗೆ ತಗೊಂಡ್ರೆ ಕೇಳಿದ್ದಕ್ಕೆ ಒಪ್ಪಿದ ಹಾಗೆ, ಆಮೇಲೆ ಇಲ್ಲ ಅನ್ನೋ ಹಾಗಿಲ್ಲ. ನಾನೂ ಆಗ್ಲೇ ಒಂದು ಇಟ್ಟು ನೋಡಿದೆ, ಮುಟ್ಲಿಲ್ಲ."

"ಅವತ್ತು ನಾವು ಕಣ್ಣು ಮುಚ್ಕೋತೀವಿ ಅಂತ ಹೆದರಿದ್ರಿ," ಎಂದಳು ವರ್ನಾ. "ಇವತ್ತು ಮುಚ್ಕೋ ಅಂತ ನೀವೇ ಕೇಳ್ತಿದೀರಿ."

ಹೌಗನ್ನರ ಕಿವಿ ಕೆಂಪಾಯಿತು. ಪೊಟ್ಟಣ ಹಿಂದಕ್ಕೆಳೆದುಕೊಂಡರು. ವರ್ನಾಳಿಗೆ ಗೆದ್ದ ಖುಷಿಯೇನೂ ಆಗಲಿಲ್ಲ. ಶಾಲೆಯ ಬಸ್ಸಿಗೆ ಕಾಯುವ ಮಕ್ಕಳು ಅವಳ ಊರಿನಲ್ಲೂ ಇದ್ದರು.

"ಬಿಚ್ಚಿ ನೋಡೋಕೆ ಏನಡ್ಡಿ?" ಎಂದು ಹೌಗನ್ ಮೆಲ್ಲಗೆ ಕೇಳಿದರು.

"ಎರಡನೇ ಆಳಿಲ್ಲ."

"ಎರಡನೆಯವರು ರಾಜ್ಯದವರೂ ಆಗ್ಬಹುದು. ಒಪ್ಪಂದದಲ್ಲಿ ಆ ಸಾಲು ಬರೆಸಿದ್ದು ನಾನೇ."

"ನಮ್ಮ ಮೇಲೆ ಕಣ್ಣಿಡೋಕೆ."

"ಹೌದು. ಆಮೇಲೆ ಹನ್ನೆರಡು ವರ್ಷದಲ್ಲಿ ನಮ್ಮವರು ಒಬ್ಬರೂ ಈ ಕಡೆ ತಲೆ ಹಾಕ್ಲಿಲ್ಲ." ಅವರು ಬೆಲೆಯ ಚೀಟಿಯನ್ನು ಉಗುರಿನಿಂದ ಕೆರೆದು ತೆಗೆದು, ಪೊಟ್ಟಣವನ್ನು ಈ ಸಲ ಎರಡೂ ಕೈಯಲ್ಲಿ ಹಿಡಿದು ಚಾಚಿದರು. "ಈಗ ಬೇರೆ ಕೇಳ್ತೀನಿ. ನಿಮ್ಮ ಜೊತೆ ನನ್ನನ್ನ ನಿಲ್ಲಿಸ್ಕೊಳ್ಳಿ. ಮೋಸ ಸಿಕ್ರೆ ವರದಿಗೆ ನನ್ನ ಸಹಿನೂ ಇರ್ಲಿ."

ವರ್ನಾ ಪೊಟ್ಟಣ ತೆಗೆದುಕೊಂಡು ಅಂಗಿಯ ಜೇಬಿಗೆ ಹಾಕಿ ಗುಂಡಿ ಹಾಕಿಕೊಂಡಳು.

"ಕೋಟು ಇಲ್ಲೇ ಬಿಚ್ಚಿಡಿ," ಎಂದಳು. "ಮಂಡಿಯೂರಿ ಮಾಡೋ ಕೆಲಸ."