ಎಡಗೈ

"ನಿನ್ನ ಎಡಗೈ ಯಾಕೆ ಹಿಂದಕ್ಕೆ ಹೋಗ್ತಾ ಇದೆ ಮಾರಾಯ?" ಅತುಲ್ ಪುಟ್ಟ ಕ್ಯಾಮೆರಾದ ಪರದೆಯನ್ನು ಗೆಳೆಯ ಪ್ರಸನ್ನಕುಮಾರನ ಕಣ್ಣೆದುರು ಹಿಡಿದ. ಬೈಕಿನ ಹ್ಯಾಂಡಲ್ಲಿಗೆ ಅದನ್ನು ತನ್ನತ್ತ ಮುಖಮಾಡಿ ಕಟ್ಟಿಕೊಂಡು, ಪ್ರಸನ್ನ ಭದ್ರಾವತಿಯ ನ್ಯೂ ಟೌನಿನಲ್ಲಿ ಒಂದು ಸುತ್ತು ಹೊಡೆದು ಬಂದಿದ್ದ. ಮುಖ ಕಪ್ಪಾಗಿ ಬರುತ್ತಿದೆಯೆಂದು ಎಕ್ಸ್‌ಪೋಷರ್ ಏರಿಸಿ, ಸುತ್ತಲಿನದೂ ಕಾಣಲೆಂದು ವೈಡ್‌ನಲ್ಲಿಟ್ಟು ಕಳಿಸಿದ್ದವನು ಅತುಲನೇ. ಈಗ ಮುಖವಷ್ಟೇ ಅಲ್ಲ, ಖಾಲಿ ಹಿಂಬದಿ ಸೀಟೂ ಬೆಳ್ಳಗೆ ಕಾಣುತ್ತಿತ್ತು.

ಒಬ್ಬನೇ ತಿರುಗುವುದರಲ್ಲಿ ಎಷ್ಟು ಸುಖವಿದೆಯೆಂದು ತೋರಿಸುವ ವಿಡಿಯೋ ಅದು. ಶಿವಮೊಗ್ಗದ ಕೋರ್ಟಿನಲ್ಲಿ ವಿಚ್ಛೇದನವಾದ ಮೇಲೆ 'ಅಯ್ಯೋ ಪಾಪ' ಎಂದವರಿಗೆಲ್ಲ ಅವನ ಉತ್ತರ. ಆದರೆ ಪರದೆಯಲ್ಲಿ, ಹಂಪ್ ಬಂದಾಗಲೆಲ್ಲ ಅವನ ಎಡಗೈ ಹ್ಯಾಂಡಲ್ ಬಿಟ್ಟು ಹಿಂದೆ ಹೋಗಿ, ಏನನ್ನೋ ಎರಡು ಬೆರಳಲ್ಲಿ ಹಿಡಿದು ಮೇಲಕ್ಕೆಳೆದು, ವಾಪಸು ಬರುತ್ತಿತ್ತು. ಹೆಂಡತಿಯಾಗಿದ್ದಾಗ ತನುಜಾ ಹಿಂದಿನ ಸೀಟಿನಲ್ಲಿ ಒಂದೇ ಕಡೆ ಕಾಲು ಇಳಿಬಿಟ್ಟು ಕೂರುತ್ತಿದ್ದಳು. ಅವಳ ಸೆರಗು ಚಕ್ರಕ್ಕೆ ಸಿಕ್ಕೀತೆಂದು ಅವನು ಹಾಗೆ ಎಳೆದುಕೊಡುತ್ತಿದ್ದ.

"ಸೆರಗು" ಎಂದ ಪ್ರಸನ್ನ.

ಅತುಲ್ ಅವನ ಮುಖ ನೋಡದೆ ಕ್ಯಾಮೆರಾದ ಮೇಲೆ ಬೆರಳಾಡಿಸಿದ. "ನ್ಯಾರೋ ಹಾಕಿದೀನಿ ಬಿಡು. ಬರೀ ಮುಖ ಬರುತ್ತೆ. ಇನ್ನೊಂದು ರೌಂಡ್ ಹೋಗ್ಬಾ."

ಹೋಗಿ ಬಂದ. ಇಬ್ಬರೂ ಮತ್ತೆ ಪರದೆಯ ಮೇಲೆ ಬಗ್ಗಿದರು. ಈಗ ಅದರ ತುಂಬ ಹೆಲ್ಮೆಟ್ಟಿನೊಳಗಿನ ನಗುಮುಖ. ಸೀಟೂ ಇಲ್ಲ, ಕೈಯೂ ಇಲ್ಲ.

"ನೋಡು, ಸರಿಹೋಯ್ತು" ಎಂದ ಅತುಲ್.

ಅಷ್ಟರಲ್ಲಿ ವಿಡಿಯೋದಲ್ಲಿ ಹಂಪ್ ಬಂತು. ನಗು ಹಾಗೇ ಇತ್ತು. ಪರದೆಯ ಅಂಚಿನಲ್ಲಿ ಎಡ ಭುಜ ಮಾತ್ರ ಮೆಲ್ಲಗೆ ಹಿಂದಕ್ಕೆ ವಾಲಿತು.