ಹತ್ತನೆಯ ಗರಿ

ಹಯವದನರಾಯರು ಭೂತಗನ್ನಡಿ ಹಿಡಿದು, ಚಿತ್ರದ ಹದ್ದಿನ ಎಡರೆಕ್ಕೆಯ ತುದಿಗರಿಗಳನ್ನು ಎರಡನೆಯ ಸಲ ಎಣಿಸಿದರು. ಒಂಬತ್ತೇ! ಮಣಿನಗರದ ಕನ್ನಡಿಗರು ಅರವತ್ತೈದರ ಯುಗಾದಿಗೆ ಏರ್ಪಡಿಸಿದ್ದ ಪ್ರದರ್ಶನದಲ್ಲಿ ಜನವೆಲ್ಲ ಮುತ್ತಿಕೊಂಡಿದ್ದು ಈ ಚಿತ್ರವನ್ನೇ. ಮ್ಯೂಸಿಯಮ್ಮಿನ ಹುಲ್ಲು ತುಂಬಿದ ಹಕ್ಕಿಗಳ ಮುಂದೆ ಹದಿನೈದು ವರ್ಷ ಕೂತು ರಾಯರು ಬರೆದ ಚಿತ್ರಗಳು ಪಕ್ಕದ ಗೋಡೆಯಲ್ಲೇ ಇದ್ದವು, ಕೇಳುವವರಿರಲಿಲ್ಲ. ಬೆಳಗಿನಿಂದ ಉರಿಯುತ್ತಿದ್ದ ಹೊಟ್ಟೆ ಈಗ ತಣ್ಣಗಾಯಿತು.

“ತಾರಾ ಅವರೇ, ಇಲ್ಲಿ ಹತ್ತು ಗರಿ ಇರ್ಬೇಕು. ಒಂದನ್ನ ನುಂಗಿಬಿಟ್ಟಿದ್ದೀರಲ್ಲ!” ಎಂದು ಎಲ್ಲರಿಗೂ ಕೇಳುವಂತೆ ಹೇಳಿದರು.

“ನಾನಲ್ಲ ರಾಯರೇ. ಊರೆಲ್ಲ ಗಾಳಿಪಟ ಹಾರಿಸೋ ಉತ್ತರಾಯಣದ ದಿನ, ಗಾಜಿನಪುಡಿ ಸವರಿದ ದಾರ ಅದನ್ನ ಕಿತ್ಕೊಂಡು ಹೋಯ್ತು. ಆಮೇಲೆ ಮೂರು ವಾರ ಹದ್ದು ನಮ್ಮನೆ ಮಾಳಿಗೆ ಮೇಲೇ ಇತ್ತು, ಅದನ್ನ ನೋಡ್ಕೊಂಡೇ ಬರೆದೆ,” ಎಂದಳು ಚಿತ್ರ ಬರೆದ ತಾರಾ. “ಗರಿ ಹೋದ ಜಾಗಾನ ಇನ್ನೊಂದ್ಸಲ ನೋಡಿ.”

ರಾಯರು ಬಗ್ಗಿದರು. ಆ ಸಂದಿಯಲ್ಲಿ, ಚರ್ಮವನ್ನು ಸೀಳಿಕೊಂಡು, ಸೂಜಿಮೊನೆಯಷ್ಟು ಹೊಸ ಗರಿಯೊಂದು ಮೊಳೆಯುತ್ತಿತ್ತು. ಅದರ ಬುಡದಲ್ಲಿ ರಕ್ತದ ನಸುಗೆಂಪು ಇತ್ತು.

ಹದಿನೈದು ವರ್ಷದಲ್ಲಿ ಅವರು ಬರೆದ ಒಂದು ಹಕ್ಕಿಗೂ ಹೊಸ ಗರಿ ಹುಟ್ಟಿರಲಿಲ್ಲ.