ಮೂವತ್ತಮೂರನೆಯ ಅಂಗಿ

ದರ್ಜಿ ಮುನ್ಸಾಮಿ ಕತ್ತರಿ ಹಿಡಿದು ಬಂದಾಗ ವಿಲಿಯಾಮೆಯ ಎರಡೂ ಕೈ ಸೂರಿನ ಕಡೆಗಿದ್ದವು, ತಲೆ ಅಂಗಿಯೊಳಗೆ ಸಿಕ್ಕಿಕೊಂಡಿತ್ತು. ಮಗಳ ಮದುವೆಗೆ ಮನೆಯವರೆಲ್ಲ ಒಂದೇ ಬಟ್ಟೆಯಲ್ಲಿ ನಿಲ್ಲಬೇಕಲ್ಲ, ಅದಕ್ಕಾಗಿ ಅವನ ಹೆಂಡತಿ ಲಿತಿಯಾ ಈ ಸಲ ಮೂವತ್ತೆರಡು ಜನರ ಉಡುಪನ್ನೂ ಆನ್‌ಲೈನಿನಲ್ಲಿ ತರಿಸಿದ್ದಳು. ಪ್ರತಿ ಅಂಗಿಯ ಮೇಲೂ ‘ದೊಡ್ಡ ಅಳತೆ’ ಎಂದೇ ಬರೆದಿತ್ತು. ಬರೆದವರು ಫಿಜಿಯ ಭುಜಗಳನ್ನು ಕಂಡಿರಲಿಲ್ಲ.

“ನಗಬೇಡಿ ಮಾಸ್ಟ್ರೇ. ಮದುವೆಗೆ ಐದೇ ದಿನ ಇದೆ,” ಎಂದಳು ಲಿತಿಯಾ.

“ಇನ್ಮೇಲೆ ಫೋನೇ ಹೊಲಿದುಕೊಡುತ್ತೆ, ನೀವು ಟೇಪು ಸುತ್ತಿಡಿ ಅಂದಿದ್ರಲ್ಲಮ್ಮ?”

ಮುನ್ಸಾಮಿ ಕತ್ತರಿ ಆಡಿಸಿದ, ಅಂಗಿ ಸೀಳಿತು. “ಅಂದಿದ್ದು ಅವಳು, ನಾನಲ್ಲ,” ಎಂದಿತು ಹೊರಬಂದ ತಲೆ.

ಮುನ್ಸಾಮಿ ತಾನು ಹೊತ್ತು ತಂದಿದ್ದ ಹೂವಿನ ಬಟ್ಟೆಯ ಥಾನು ಬಿಚ್ಚಿ ಹಾಸಿದ. ಟೇಪು ಮುಟ್ಟಲಿಲ್ಲ. “ನಿಮ್ಮ ತಂಗಿ ಸಲೋತೆಗೆ ಎಡಭುಜ ಕೊಂಚ ಇಳಿಜಾರು. ಚಿಕ್ಕಪ್ಪಂಗೆ ಊಟ ಆದ್ಮೇಲೆ ಎರಡಿಂಚು ಜಾಸ್ತಿ ಬೇಕು. ಮದುವೆ ಊಟ ಅಲ್ವಾ, ಮೂರು ಇಡೋಣ.” ಹೀಗೆ ಒಬ್ಬೊಬ್ಬರನ್ನೂ ನೆನಪಿನಿಂದಲೇ ಗುರುತು ಹಾಕುತ್ತ ಹೋಗಿ, “ಮೂವತ್ತೆರಡು,” ಎಂದು ಸೀಮೆಸುಣ್ಣ ಕೆಳಗಿಟ್ಟ.

“ಮೂವತ್ತಮೂರು,” ಎಂದಳು ಲಿತಿಯಾ. “ನೀವೂ ಇದೇ ಬಟ್ಟೆ ಹಾಕ್ಕೊಂಡು ಮನೆಯವರ ಸಾಲಲ್ಲಿ ನಿಲ್ಬೇಕು.”

ಇಪ್ಪತ್ತು ವರ್ಷ ನೌಸೋರಿ ಪೇಟೆಯನ್ನೆಲ್ಲ ಅಳೆದವನಿಗೆ ತನ್ನ ಅಳತೆ ಗೊತ್ತಿರಲಿಲ್ಲ. ಲಿತಿಯಾ ಅವನ ಕೊರಳಿನ ಟೇಪನ್ನೇ ಎಳೆದುಕೊಂಡು ಎದೆಗೆ ಸುತ್ತಿದಳು.

“ಎದೆ ಉಬ್ಬಿಸಬೇಡಿ ಮಾಸ್ಟ್ರೇ, ಅಳತೆ ತಪ್ಪುತ್ತೆ.”

“ನಾನೆಲ್ಲಿ ಉಬ್ಬಿಸ್ತಿದೀನಿ ತಾಯಿ,” ಎಂದ ಮುನ್ಸಾಮಿ, “ಅದಾಗಿ ಅದೇ ಉಬ್ತಾ ಇದೆ.”